ಪರಂಗಿ ಹಡಗು ಮತ್ತು ಬಚ್ಚಲ ಹಂಡೆ

ಅರಸೀಕೆರೆಯ ಕಡೆಯಿಂದ ಬಂದ ನನ್ನಂಥವಳಿಗೆ ಸಮುದ್ರವೆಂದರೆ ಮೊದಮೊದಲು ಒಂದು ದೊಡ್ಡ ಕೆರೆ, ಅಷ್ಟೆ. ಏರಿ ಈಚೆಗೆ ಮಾತ್ರ ಇದೆ, ಆಚೆಯದು ಕಾಣುವುದಿಲ್ಲ. ಮದುವೆಯಾಗಿ ಹೊನ್ನಾವರ ಭಟ್ಕಳಗಳ ನಡುವಿನ ಈ ಊರಿಗೆ ಬಂದು, ಇಲ್ಲಿಯ ಹೈಸ್ಕೂಲಿನಲ್ಲಿಯೇ ಮಾಸ್ತರಿಕೆ ಹಿಡಿದು ಇಪ್ಪತ್ತೆಂಟು ವರ್ಷವಾಯಿತು. ಈಗ ಇಲ್ಲಿಯವರೆಲ್ಲರಿಗೂ ನಾನು 'ಅಕ್ಕೋರು'. ಸಮುದ್ರ ಕೆರೆಯಲ್ಲ ಎಂಬುದನ್ನು ನನಗೆ ಕಲಿಸಿದ್ದು ಮಳೆಗಾಲ. ನಮ್ಮೂರಿನ ಕೆರೆ ಮಳೆಗಾಲದಲ್ಲಿ ತುಂಬುತ್ತದೆ, ತುಂಬಿ ಸುಮ್ಮನಿರುತ್ತದೆ. ಈ ಕಡಲಾದರೋ ಜೂನ್ ತಿಂಗಳು ಬಂತೆಂದರೆ ತನ್ನ ಹೊಟ್ಟೆಯಲ್ಲಿರುವುದನ್ನೆಲ್ಲ ತಂದು ನಮ್ಮ ಅಂಗಳಕ್ಕೆ ಸುರಿಯುತ್ತದೆ. ಒಂಟಿ ಚಪ್ಪಲಿಗಳು, ಯಾವುದೋ ಊರಿನ ತೆಂಗಿನಕಾಯಿಗಳು, ಹರಿದ ಬಲೆ, ಔಷಧಿಯ ಸೀಸೆ, ಪ್ಲಾಸ್ಟಿಕ್ಕಂತೂ ಹೇಳುವುದೇ ಬೇಡ. ಅವುಗಳ ನಡುವೆ, ಮರಳಿನ ಮೇಲೆ, ಕೆಲವು ದಿನ ಎರಡು ಮೂರು, ಕೆಲವು ದಿನ ನೂರಾರು ನೀಲಿ ಗುಳ್ಳೆಗಳು.

ಹೆಬ್ಬೆರಳಿನಷ್ಟು ಉದ್ದ, ಕೆಲವೊಮ್ಮೆ ಅಂಗೈಯಷ್ಟು. ಗಾಜಿನಂತೆ ಪಾರದರ್ಶಕ. ಬುಡದಲ್ಲಿ ಗಾಢ ನೀಲಿ, ಮೇಲೆ ಹೋದಂತೆ ತಿಳಿಯಾಗಿ, ನೆತ್ತಿಯ ಅಂಚಿಗೆ ಗುಲಾಬಿ ನೇರಳೆಗಳ ಛಾಯೆ. ಹಬ್ಬದ ಸೀರೆಗೂ ಅಂಥ ಬಣ್ಣ ಸಿಕ್ಕುವುದಿಲ್ಲ. ಕೆಳಗೆ ನೀಲಿ ದಾರದುಂಡೆಯಂಥದು ಅಂಟಿಕೊಂಡಿರುತ್ತದೆ, ಅದರಿಂದ ಒಂದು ಎಳೆ ಮರಳಿನಲ್ಲಿ ಹಾವಿನ ಮರಿಯಂತೆ ಚಾಚಿಕೊಂಡಿರುತ್ತದೆ. ನಮ್ಮ ಶಾಲೆಯ ಮಕ್ಕಳು ಇದಕ್ಕೆ 'ನೀಲಿ ಬಲೂನು' ಎನ್ನುತ್ತಾರೆ. ಘಟ್ಟದ ಮೇಲಿನಿಂದ ಬರುವ ಪ್ರವಾಸಿಗಳ ಮಕ್ಕಳೂ ನೋಡಿದ ಕೂಡಲೇ ಬಲೂನೆಂದೇ ಓಡಿಹೋಗುತ್ತವೆ. ವ್ಯತ್ಯಾಸವಿಷ್ಟೆ: ನಮ್ಮ ಮಕ್ಕಳು ಅದನ್ನು ಕೋಲಿನಿಂದ ತಳ್ಳುತ್ತವೆ, ಅವು ಕೈಯಿಂದ ಎತ್ತಿಕೊಳ್ಳುತ್ತವೆ.

ಇದರ ಇಂಗ್ಲಿಷ್ ಹೆಸರು ಪೋರ್ಚುಗೀಸ್ ಮ್ಯಾನ್ ಆಫ್ ವಾರ್, ಅಂದರೆ ಪೋರ್ಚುಗೀಸರ ಯುದ್ಧದ ಹಡಗು. ಗಾಳಿ ತುಂಬಿದ ಗುಳ್ಳೆ, ಅದರ ಮೇಲೊಂದು ಹಾಯಿ. ನೀರಿನ ಮೇಲೆ ತೇಲುವಾಗ ಹಳೆಯ ಕಾಲದ ಹಾಯಿಹಡಗಿನಂತೆಯೇ ಕಾಣುತ್ತದಂತೆ. ಇತಿಹಾಸ ಪಾಠ ಮಾಡುವ ನನಗೆ ಈ ಹೆಸರು ಓದಿದಾಗ ನಗು ಬಂತು. ಪಶ್ಚಿಮ ಕರಾವಳಿಯವರಿಗೆ ಪೋರ್ಚುಗೀಸರ ಯುದ್ಧದ ಹಡಗಿನ ಪರಿಚಯ ಯಾರೂ ಮಾಡಿಸಬೇಕಾಗಿಲ್ಲ. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಕಾರವಾರದ ಸಮೀಪದ ಅಂಜದೀವಿನಲ್ಲಿ ತಂಗಿದ್ದವು. 1505ರಲ್ಲಿ ಅಲ್ಮೇಡ ಎಂಬವನು ಅದೇ ದ್ವೀಪದಲ್ಲಿ ಕೋಟೆ ಕಟ್ಟಿಸಿದ, ಅದೇ ವರ್ಷ ನಮ್ಮ ಹೊನ್ನಾವರಕ್ಕೆ ಬೆಂಕಿಯನ್ನೂ ಇಟ್ಟ. ಆ ಹಡಗುಗಳೂ ಕಡಲ ಮೇಲೆ ದೂರದಿಂದ ಚೆಂದವೇ ಕಂಡಿರಬೇಕು. ನಮ್ಮ ತವರಿನ ಕಡೆ ಹೊರದೇಶದಿಂದ ಬಂದ ಹಣ್ಣಿಗೆ ಪರಂಗಿ ಹಣ್ಣು ಎಂದು ಹೆಸರಿಟ್ಟಿದ್ದೇವೆ; ಇಲ್ಲಿಯವರು ಅದನ್ನೇ ಪಪ್ಪಾಯಿ ಎನ್ನುತ್ತಾರೆ. ಆಂಗ್ಲರು ಕುಟುಕುವ ಪ್ರಾಣಿಗೆ ಪೋರ್ಚುಗೀಸರ ಹೆಸರಿಟ್ಟರು. ತಿನ್ನುವುದಕ್ಕೆ ಆಗುವುದಕ್ಕೆ ನಾವು ಪರಂಗಿಯವರ ಹೆಸರಿಟ್ಟೆವಲ್ಲ, ನಮ್ಮದೇ ದೊಡ್ಡ ಮನಸ್ಸು ಎಂದುಕೊಂಡೆ. ಪೋರ್ಚುಗೀಸರು ಸ್ವತಃ ಇದನ್ನು ತಮ್ಮ ಪುಟ್ಟ ಹಾಯಿಹಡಗಿನ ಹೆಸರಿನಿಂದ ಕಾರವೇಲ ಎಂದು ಕರೆಯುತ್ತಾರೆ. ಆಸ್ಟ್ರೇಲಿಯಾದವರಿಗೆ ಇದು ಬ್ಲೂಬಾಟಲ್. ಶಾಸ್ತ್ರೀಯ ಹೆಸರು ಫೈಸೇಲಿಯ.

ನಾನು ಬಿ.ಎ., ಬಿ.ಎಡ್. ಕನ್ನಡ ಮತ್ತು ಸಮಾಜ ನನ್ನ ವಿಷಯಗಳು. ಆದರೆ ಹಳ್ಳಿಯ ಶಾಲೆಯಲ್ಲಿ ವಿಜ್ಞಾನದ ಮಾಸ್ತರರಿಗೆ ವರ್ಗವಾಗಿ, ಅವರ ಜಾಗಕ್ಕೆ ಇನ್ನೊಬ್ಬರು ಬರುವ ತನಕ ಪೀರಿಯಡ್ಡುಗಳು ಖಾಲಿ ಹೋಗಬಾರದಲ್ಲ. ಹಾಗೆ ಹೈಡ್ರ, ಹವಳ, ಲೋಳೆಮೀನುಗಳ ಪಾಠ ನನ್ನ ಪಾಲಿಗೆ ಬಂದಿತ್ತು. ಇತಿಹಾಸದ ಪುಸ್ತಕದಲ್ಲಿ 'ವಸಾಹತು' ಎಂದರೆ ಗೋವಾ. ವಿಜ್ಞಾನದ ಪುಸ್ತಕದಲ್ಲಿ 'ವಸಾಹತು' ಎಂದರೆ, ಕೂಡಿ ಬಾಳುವ ಜೀವಿಗಳ ಗುಂಪು. ಈ ಪರಂಗಿ ಹಡಗು ಅಂಥದೊಂದು ವಸಾಹತು. ಲೋಳೆಮೀನಿನಂತೆ ಕಂಡರೂ ಇದು ಲೋಳೆಮೀನಲ್ಲ. ಲೋಳೆಮೀನು ಒಂದೇ ಪ್ರಾಣಿ. ಇದು ಹಲವು ಪುಟಾಣಿ ಪ್ರಾಣಿಗಳು ಒಂದಕ್ಕೊಂದು ಅಂಟಿಕೊಂಡೇ ಹುಟ್ಟಿ, ಅಂಟಿಕೊಂಡೇ ಬೆಳೆದು, ಒಂದೇ ಪ್ರಾಣಿಯಂತೆ ಬದುಕುವ ಏರ್ಪಾಡು. ಕೆಲವು ಬೇಟೆಯಾಡುತ್ತವೆ, ಕೆಲವು ಉಣ್ಣುತ್ತವೆ, ಕೆಲವು ಸಂತಾನದ ಕೆಲಸ ನೋಡಿಕೊಳ್ಳುತ್ತವೆ. ಇವೆಲ್ಲ ನೇತಾಡುವುದು ಆ ಗುಳ್ಳೆಯ ಅಡಿಯಲ್ಲಿ. ಬೇಟೆಯಾಡುವುದಕ್ಕೆ ಬಾಯಿಲ್ಲ. ಉಣ್ಣುವುದಕ್ಕೆ ಹಿಡಿಯುವ ಎಳೆಯಿಲ್ಲ. ಹೆರುವುದಕ್ಕೆ ಎರಡೂ ಇಲ್ಲ. ಒಂದು ಉಂಡದ್ದು ಎಲ್ಲಕ್ಕೂ ಹಂಚಿಕೆಯಾಗುತ್ತದೆ. ತಲೆಯೆಂಬುದು ಯಾವುದಕ್ಕೂ ಇಲ್ಲ, ಮಿದುಳೂ ಇಲ್ಲ, ಹೃದಯವೂ ಇಲ್ಲ.

ಪಾಠ ಮಾಡುವಾಗ ಮೊದಲು ಬಾಯಿಗೆ ಬಂದ ಹೋಲಿಕೆ ಕೂಡುಕುಟುಂಬದ್ದು. ಒಬ್ಬಳಿಗೆ ಒಲೆಯ ಕೆಲಸ, ಒಬ್ಬಳಿಗೆ ಕೊಟ್ಟಿಗೆಯದು, ಒಬ್ಬಳಿಗೆ ಹೆರುವುದು. ಮಕ್ಕಳಿಗೆ ಬೇಗ ತಿಳಿಯಿತು. ಆದರೆ ಕೂಡುಕುಟುಂಬದಲ್ಲಿ ಹದಿನಾರು ವರ್ಷ ಬಾಳಿದ ನನಗೆ ಆ ಹೋಲಿಕೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಫೈಸೇಲಿಯದ ಮನೆಯವರೆಲ್ಲ ಒಂದೇ ಮೊಟ್ಟೆಯಿಂದ ಬಂದವರು. ಮೊಟ್ಟೆಯಿಂದ ಮೊದಲೊಂದು ಜೀವಿ ಹುಟ್ಟುತ್ತದೆ, ಅದರ ಮೈಯಿಂದ ಮೊಗ್ಗೊಡೆದು ಉಳಿದವು ಬರುತ್ತವೆ. ಹೊರಗಿನಿಂದ ತಂದ ಸೊಸೆ ಎಂಬವಳೇ ಅಲ್ಲಿಲ್ಲ! ಹಾಗಾಗಿ ಮನಸ್ತಾಪವೂ ಇಲ್ಲ, ಪಾಲೂ ಇಲ್ಲ. ಬೇರೆ ಹೋದರೆ ಯಾವುದಕ್ಕೂ ಒಂಟಿಯಾಗಿ ಬದುಕುವ ಶಕ್ತಿಯಿಲ್ಲ. ಒಂದು ವಸಾಹತು ಪೂರ್ತಿ ಗಂಡು, ಇಲ್ಲವೇ ಪೂರ್ತಿ ಹೆಣ್ಣು.

ಆ ಗುಳ್ಳೆಯೊಳಗೆ ಏನಿದೆ ಎಂದು ಮಕ್ಕಳು ಕೇಳುತ್ತಾರೆ. ಬಹುಪಾಲು ನಾವು ಉಸಿರಾಡುವ ಗಾಳಿಯೇ. ಆದರೆ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಇದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರನ್ನು ಕೊಲ್ಲುವ ಅನಿಲವೇ ಅದು. ಈ ಜೀವಿ ಅದನ್ನು ತನ್ನದೇ ಒಂದು ಗ್ರಂಥಿಯಲ್ಲಿ ತಯಾರಿಸಿ ಗುಳ್ಳೆಗೆ ತುಂಬಿಕೊಳ್ಳುತ್ತದೆ. ನೆತ್ತಿಯ ಮೇಲಿನ ನೆರಿಗೆಯೇ ಹಾಯಿ. ಈಜು ಇದಕ್ಕೆ ಬಾರದು. ಗಾಳಿ ಕರೆದೊಯ್ದಲ್ಲಿಗೆ ಪಯಣ. ಇದರಲ್ಲಿಯೂ ಒಂದು ಚಮತ್ಕಾರವಿದೆ. ಎಲ್ಲದರ ಹಾಯಿಯೂ ಒಂದೇ ಕಡೆಗೆ ವಾಲಿರುವುದಿಲ್ಲ. ಕೆಲವು ಎಡಗೈಯವು, ಕೆಲವು ಬಲಗೈಯವು. ಗಾಳಿ ಬೀಸಿದಾಗ ಇವು ಅದರ ದಿಕ್ಕಿಗೆ ನೇರವಾಗಿ ಹೋಗದೆ ಓರೆಯಾಗಿ ತೇಲುತ್ತವೆ. ಎಡದವು ಒಂದು ಕಡೆಗೆ, ಬಲದವು ಇನ್ನೊಂದು ಕಡೆಗೆ. ಒಂದು ಗಾಳಿಗೆ ಒಂದು ಪಂಗಡ ದಡಕ್ಕೆ ಬಿದ್ದು ಸತ್ತರೂ ಇನ್ನೊಂದು ಪಂಗಡ ಕಡಲಲ್ಲಿ ಉಳಿಯಲಿ ಎಂದು ಈ ಏರ್ಪಾಡಿರಬೇಕು ಎನ್ನುತ್ತಾರೆ ತಿಳಿದವರು. ನೈಋತ್ಯದ ಮಾರುತ ನಮ್ಮ ದಡಕ್ಕೆ ತಂದು ಒಗೆದವುಗಳನ್ನು ಎಣಿಸಿ ನೋಡಲು ಒಮ್ಮೆ ಒಂಬತ್ತನೆಯ ತರಗತಿಯ ಹುಡುಗರಿಗೆ ಹೇಳಿದೆ. ಕೋಲಿನಿಂದ ತಿರುಗಿಸಿ ತಿರುಗಿಸಿ ಎಣಿಸಿದರು. ಎಡ ಬಲಗಳ ಬಗ್ಗೆ ಅವರಲ್ಲಿಯೇ ಜಗಳವಾಗಿ ಲೆಕ್ಕ ಅಲ್ಲಿಗೇ ನಿಂತಿತು.

2025ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ನೂರಾರು ವರ್ಷಗಳಿಂದ ಪ್ರಪಂಚದಲ್ಲೆಲ್ಲ ಒಂದೇ ಜಾತಿ ಎಂದು ತಿಳಿದಿದ್ದ ಈ ಪ್ರಾಣಿಯಲ್ಲಿ ಕಡೇಪಕ್ಷ ನಾಲ್ಕು ಜಾತಿಗಳಿವೆ. ಅಟ್ಲಾಂಟಿಕ್ ಸಾಗರದ್ದು ದೊಡ್ಡದು. ಅದರ ಗುಳ್ಳೆ ಒಂದು ಅಡಿಯವರೆಗೂ ಬೆಳೆಯುತ್ತದೆ, ಎಳೆಗಳು ಹತ್ತು ಮೀಟರು ಸಾಮಾನ್ಯ, ಮೂವತ್ತು ಮೀಟರಿನವೂ ಉಂಟು. ನಮ್ಮ ದಡಕ್ಕೆ ಬರುವುದು ಚಿಕ್ಕದು, ಸಾಮಾನ್ಯವಾಗಿ ಒಂದೇ ಉದ್ದನೆಯ ಎಳೆ. ಚಿಕ್ಕದೆಂದು ಸಲುಗೆ ಬೇಡ.

ಆ ಎಳೆಗಳೇ ಇದರ ಬಲೆ, ಇದರ ಗಾಳ, ಇದರ ವಿಷ. ನೀರಿನಲ್ಲಿ ಇಳಿಬಿಟ್ಟು, ಎಳೆದುಕೊಂಡು, ಮತ್ತೆ ಇಳಿಬಿಡುತ್ತದೆ, ಥೇಟ್ ನಮ್ಮ ಊರಿನ ಗಾಳದವರಂತೆ. ಸಿಕ್ಕಿಬೀಳುವುದು ಹೆಚ್ಚಾಗಿ ಮೀನಿನ ಮರಿಗಳು. ಎಳೆ ಕುಗ್ಗಿ ಬೇಟೆಯನ್ನು ಮೇಲಕ್ಕೆ ತಂದಾಗ ಉಣ್ಣುವ ಜೀವಿಗಳು ಒಂದೊಂದಾಗಿ ಬಾಯಿ ತೆರೆದು ಮೀನಿಗೆ ಅಂಟಿಕೊಂಡು, ಬಾಯಿಯನ್ನೇ ಚೀಲದಂತೆ ಅದರ ಮೇಲೆ ಹರಡಿ, ಅಲ್ಲೇ ಕರಗಿಸಿ ಹೀರುತ್ತವೆ. ಇಂಥದರ ಎಳೆಗಳ ನಡುವೆಯೇ ಮನೆ ಮಾಡಿಕೊಂಡಿರುವ ಒಂದು ಸಣ್ಣ ಮೀನೂ ಇದೆ; ವಿಷ ತಗುಲದಂತೆ ನುಸುಳಿ ಓಡಾಡುವ ಚಾಣಾಕ್ಷತನವೇ ಅದರ ಬಂಡವಾಳ, ಸಂದು ನೋಡಿ ಯಜಮಾನನ ಎಳೆಯನ್ನೇ ಮೇಯುತ್ತದೆ. ಗ್ಲಾಕಸ್ ಎಂಬ ನೀಲಿ ಹುಳದಂಥ ಚಿಪ್ಪಿಲ್ಲದ ಬಸವನಹುಳು ಇನ್ನೂ ಜಾಣ. ಇದನ್ನು ತಿಂದು, ಕುಟುಕುವ ಕಣಗಳನ್ನು ಮಾತ್ರ ಜೀರ್ಣಿಸದೆ ತನ್ನ ಮೈಯ ಬೆರಳುಗಳ ತುದಿಯಲ್ಲಿ ಕೂಡಿಟ್ಟುಕೊಂಡು, ಬೇಕಾದಾಗ ತನ್ನ ವೈರಿಯ ಮೇಲೆ ಬಳಸುತ್ತದೆ. ಕಡಲಾಮೆಗಳಿಗೂ ಇದು ಆಹಾರ. ಲೋಕದಲ್ಲಿ ಯಾವ ವಿಷಕ್ಕೂ ಒಬ್ಬರಾದರೂ ಗಿರಾಕಿಗಳಿರುತ್ತಾರೆ!

ಮನುಷ್ಯರ ಮಾತಿಗೆ ಬರುತ್ತೇನೆ. ನಮ್ಮ ರಾಜ್ಯದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಹಿಡಿಯುವುದಕ್ಕೆ ನಿಷೇಧ. ಮೀನು ಮರಿ ಹಾಕುವ ಕಾಲ, ಅದು ಸರಿಯೇ. ಆಗ ದೊಡ್ಡ ದೋಣಿಗಳ ಮೇಲೆ ಕೂಲಿಗೆ ಹೋಗುವ ಗಂಡಸರು ಮನೆಗೆ ಬರುತ್ತಾರೆ, ಕೈಯಲ್ಲಿ ದುಡ್ಡಿರುವುದಿಲ್ಲ. ಬಡವರ ಮನೆಯವರು ದಡದಲ್ಲಿ ನಿಂತು ಬೀಸುಬಲೆ ಹಾಕಿ, ಸಣ್ಣ ಬಲೆ ಎಳೆದು, ನಾಲ್ಕು ಕಾಸು ಮಾಡಿಕೊಳ್ಳುವುದು ಈ ದಿನಗಳಲ್ಲಿಯೇ. ನೀಲಿ ಬಲೂನು ಬರುವುದೂ ಈ ದಿನಗಳಲ್ಲಿಯೇ. ಪ್ರವಾಸಿಗಳಿಗೆ ತಗುಲಿದರೆ ಪೇಪರಿನಲ್ಲಿ ಬರುತ್ತದೆ. 2018ರ ಆಗಸ್ಟಿನಲ್ಲಿ ಮುಂಬಯಿಯ ಜುಹುವಿನಲ್ಲಿ ಹೀಗೆ ಕುಟುಕಿಸಿಕೊಂಡವರ ಸುದ್ದಿ ಎಲ್ಲ ಕಡೆ ಬಂತು. ಬಲೆಯ ಹಗ್ಗ ಎಳೆಯುವವರ ಕೈಯ ಬರೆ ಯಾವ ಪೇಪರಿಗೂ ಹೋಗುವುದಿಲ್ಲ.

2022ರ ಜುಲೈಯಲ್ಲಿ ನಮ್ಮ ಎಂಟನೆಯ ತರಗತಿಯ ಒಬ್ಬಳು ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದಾಗ ಬಲಗೈಯನ್ನು ದುಪ್ಪಟದಲ್ಲಿ ಮುಚ್ಚಿಕೊಂಡಿದ್ದಳು. ತೆಗೆಸಿ ನೋಡಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಬಾರುಕೋಲಿನಿಂದ ಹೊಡೆದಂಥ ಬರೆ, ಸರದಲ್ಲಿ ಮಣಿ ಪೋಣಿಸಿದ ಹಾಗೆ ಕೆಂಪು ಗುಳ್ಳೆಗಳ ಸಾಲು. ಅಜ್ಜಿಯ ಜೊತೆ ಹಗ್ಗ ಎಳೆಯುತ್ತಿದ್ದಾಗ ಹಗ್ಗಕ್ಕೆ ಸುತ್ತಿಕೊಂಡಿದ್ದ ತುಂಡೆಳೆ ಕೈಗೆ ಸುತ್ತಿತಂತೆ. ಗುಳ್ಳೆ ಎಲ್ಲಿಯೂ ಇರಲಿಲ್ಲವಂತೆ, ಬರಿಯ ದಾರ. ಸುತ್ತಲಿದ್ದವರು ಪದ್ಧತಿಯಂತೆ ಹಸಿ ಮರಳು ಹಾಕಿ ಚೆನ್ನಾಗಿ ತಿಕ್ಕಿದರು. ಆಮೇಲೆ ಬಾವಿಯ ನೀರು ಸುರಿದರು. ಹುಡುಗಿ ಕಿರುಚಿದ್ದು ರಸ್ತೆಗೆ ಕೇಳಿತಂತೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆ ತಿಂಗಳು ವೈದ್ಯರಿರಲಿಲ್ಲ.

ಅದರ ಶಸ್ತ್ರ ಎಂಥದೆಂದು ತಿಳಿದರೆ ಈ ಕಿರುಚಾಟದ ಕಾರಣ ತಿಳಿಯುತ್ತದೆ. ಎಳೆಯ ಉದ್ದಕ್ಕೂ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕೋಶಗಳು ಸಾವಿರಗಟ್ಟಲೆ ಇರುತ್ತವೆ. ಒಂದೊಂದರೊಳಗೂ ಸುರುಳಿ ಸುತ್ತಿದ ಟೊಳ್ಳು ದಾರ, ಅದರಲ್ಲಿ ವಿಷ. ಮುಟ್ಟಿದೊಡನೆ ಮುಚ್ಚಳ ಹಾರಿ ಆ ದಾರ ಬಾಣದಂತೆ ಚಿಮ್ಮಿ ಚರ್ಮವನ್ನು ಹೊಗುತ್ತದೆ. ಇದೇ ವಂಶದ ಹೈಡ್ರದಲ್ಲಿ ಅಳೆದು ನೋಡಿದ್ದಾರೆ: ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೂ ಬೇಡ, ಅಷ್ಟರೊಳಗೆ ಬಾಣ ಹೊರಟಾಗಿರುತ್ತದೆ. ಇದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ, ಮಿದುಳಾದರೂ ಎಲ್ಲಿದೆ? ಆದ್ದರಿಂದಲೇ ದಡದಲ್ಲಿ ಸತ್ತು ಒಣಗಿದ್ದೂ ಕುಟುಕುತ್ತದೆ, ಹರಿದ ತುಂಡೂ ಕುಟುಕುತ್ತದೆ. ಚರ್ಮಕ್ಕಂಟಿದ ಎಳೆಯಲ್ಲಿ ಇನ್ನೂ ಸಿಡಿಯದ ಕೋಶಗಳು ಬಹಳಷ್ಟು ಉಳಿದಿರುತ್ತವೆ. ಮರಳು ಹಾಕಿ ತಿಕ್ಕುವುದೆಂದರೆ ಅವನ್ನೂ ಸಿಡಿಸುವುದು. ಸಿಹಿನೀರು ತಾಗಿದರೂ ಕೆಲವು ಸಿಡಿಯುತ್ತವೆ. ಮೂತ್ರ ಹಾಕಬೇಕೆನ್ನುವ ಮಾತೂ ಲೋಕದ ಎಲ್ಲ ದಡಗಳಲ್ಲಿ ಇದೆಯಂತೆ. ಅದರಿಂದ ಅವಮಾನವೊಂದು ಹೆಚ್ಚಾಗುವುದೇ ಹೊರತು ಉರಿ ಕಡಮೆಯಾಗುವುದಿಲ್ಲ. ವಿನೆಗರಿನ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಬೇರೆ ಕೆಲವು ಲೋಳೆಮೀನುಗಳಿಗೆ ಅದು ಒಳ್ಳೆಯದು, ಇದಕ್ಕೆ ಬೇಡವೆನ್ನುವವರೂ ಬೇಕೆನ್ನುವವರೂ ಇದ್ದಾರೆ.

ಒಪ್ಪಿಗೆಯಿರುವುದು ಸರಳವಾದ ಸಂಗತಿಗೆ. ಮೊದಲು ಸಮುದ್ರದ ನೀರಿನಲ್ಲಿಯೇ ತೊಳೆದು, ಚಿಮಟದಿಂದಲೋ ಕಡ್ಡಿಯಿಂದಲೋ ಎಳೆಯನ್ನು ಎತ್ತಿ ತೆಗೆಯಬೇಕು. ಆಮೇಲೆ ಬಿಸಿನೀರು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಕುಟುಕಿಸಿಕೊಂಡವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಂಜುಗಡ್ಡೆ ಇಟ್ಟು, ಇನ್ನೊಂದನ್ನು 45 ಡಿಗ್ರಿಯ ಬಿಸಿನೀರಿನಲ್ಲಿ ಇರಿಸಿ ನಡೆಸಿದ ಪರೀಕ್ಷೆಯ ಫಲ ಪ್ರಕಟವಾಯಿತು. ಇಪ್ಪತ್ತು ನಿಮಿಷದಲ್ಲಿ ಬಿಸಿನೀರಿನವರ ಪೈಕಿ 87 ಪಾಲು ಮಂದಿಗೆ ನೋವು ಇಳಿದಿತ್ತು, ಮಂಜಿನವರಲ್ಲಿ 33 ಪಾಲು. ಈ ಅಂಕಿಯನ್ನು ಓದಿದಾಗ ನನಗೆ ನೆನಪಾದದ್ದು ಇಲ್ಲಿಯ ಬಚ್ಚಲುಗಳು. ಮಳೆಗಾಲದಲ್ಲಿ ಈ ಊರಿನ ಎಷ್ಟೋ ಮನೆಗಳಲ್ಲಿ ಬಚ್ಚಲ ಹಂಡೆಯ ಕೆಳಗೆ ಇಡೀ ದಿನ ಮಡಲು, ಕರಟ, ಒದ್ದೆ ಕಟ್ಟಿಗೆ ಹೊಗೆಯಾಡುತ್ತಲೇ ಇರುತ್ತವೆ. ಔಷಧಿ ದಡದಿಂದ ನೂರು ಹೆಜ್ಜೆಯಲ್ಲಿ ಕಾಯುತ್ತ ಕುಳಿತಿತ್ತು.

ಆದರೆ ಆ ಹುಡುಗಿಯ ಕತೆ ಬಿಸಿನೀರಿಗೆ ಮುಗಿಯುವಂಥದಾಗಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಮತ್ತೆ ತಗುಲಿತು. ಈ ಸಲ ಕಾಲಿನ ಬೆರಳಿಗೆ, ಒಂದು ಗೇಣೂ ಇರದ ಎಳೆ. ಉರಿ ಹೋದ ಸಲದಷ್ಟೂ ಇರಲಿಲ್ಲವಂತೆ. ಹತ್ತು ನಿಮಿಷದೊಳಗೆ ಮೈಯೆಲ್ಲ ದದ್ದೆದ್ದು, ತುಟಿ ಊದಿಕೊಂಡು, ಉಸಿರು ಸಿಳ್ಳೆ ಹೊಡೆಯತೊಡಗಿತು. ಪುಣ್ಯಕ್ಕೆ ಆಟೋದವನೊಬ್ಬ ಅಲ್ಲೇ ಇದ್ದ. ತಾಲ್ಲೂಕು ಕೇಂದ್ರದ ವೈದ್ಯರು ಅವಳ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟಮೇಲೆ ಉಸಿರು ದಾರಿಗೆ ಬಂತು. ಮೊದಲಿಗಿಂತ ಕಡಮೆ ವಿಷ, ಮೊದಲಿಗಿಂತ ಹೆಚ್ಚು ಅಪಾಯ. ಇದು ಹೇಗೆ?

ಈ ಪ್ರಶ್ನೆಗೂ ಈ ಪ್ರಾಣಿಗೂ ಹಳೆಯ ನಂಟಿದೆ. 1901ರಲ್ಲಿ ಮೊನಾಕೊ ದೇಶದ ರಾಜ ಮೊದಲನೆಯ ಆಲ್ಬರ್ಟ್ ತನ್ನ ಹಡಗಿನಲ್ಲಿ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳನ್ನು ಕರೆದೊಯ್ದು, ಈ ಫೈಸೇಲಿಯದ ವಿಷವನ್ನು ಪರೀಕ್ಷಿಸುವಂತೆ ಹೇಳಿದ. ಊರಿಗೆ ಮರಳಿದ ಮೇಲೆ ಅವರಿಗೆ ಫೈಸೇಲಿಯ ಸಿಗಲಿಲ್ಲ. ಅದರ ದೂರದ ಬಂಧುವಾದ, ಫ್ರಾನ್ಸಿನ ದಡದಲ್ಲಿಯೇ ಸಿಗುವ ಕಡಲಹೂವಿನ ವಿಷ ತೆಗೆದುಕೊಂಡು ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದರು. ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿದರೆ ಮೈಗೆ ವಿಷ ತಡೆಯುವ ಶಕ್ತಿ ಬಂದೀತೆಂಬುದು ಅವರ ನಿರೀಕ್ಷೆ. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ ಮೊದಲ ಸಲ ವಿಷವನ್ನು ಅರಗಿಸಿಕೊಂಡಿತು. ಕೆಲವು ವಾರ ಬಿಟ್ಟು ಮತ್ತೆ ಚುಚ್ಚಿದರೆ, ಅರ್ಧ ಗಂಟೆಯೊಳಗೆ ಸತ್ತಿತು. ರಕ್ಷಣೆ ಬೆಳೆಯುವ ಬದಲು ಮೈ ತನ್ನ ಮೇಲೆ ತಾನೇ ತಿರುಗಿಬಿದ್ದಿತ್ತು. 1902ರಲ್ಲಿ ಅವರು ಇದಕ್ಕೆ ರಕ್ಷಣೆಗೆ ವಿರುದ್ಧವಾದದ್ದು ಎಂಬರ್ಥದಲ್ಲಿ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ಜೇನು ಕಚ್ಚಿ, ಪೆನ್ಸಿಲಿನ್ ಚುಚ್ಚಿ, ಶೇಂಗಾ ತಿಂದು ಜನ ಇದ್ದಕ್ಕಿದ್ದಂತೆ ಸಾಯುವುದರ ಗುಟ್ಟು ಬಿಚ್ಚಿಕೊಂಡದ್ದು ಅಲ್ಲಿಂದ. 1913ರಲ್ಲಿ ರಿಶೆಗೆ ನೊಬೆಲ್ ಬಂತು. ಪೋರ್ತಿಯೆಗೆ ಬರಲಿಲ್ಲ. ನೆಪ್ಚೂನಿನ ಹೆಸರಾದರೂ ಉಳಿಯಿತು.

ಫೈಸೇಲಿಯ ಕುಟುಕಿ ಮನುಷ್ಯರು ಸಾಯುವುದು ತೀರ ಅಪರೂಪ. ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಅಂಥ ಒಂದು ಸಾವನ್ನು 1989ರಲ್ಲಿ ವೈದ್ಯರು ದಾಖಲಿಸಿದ್ದಾರೆ. ಆದರೆ 'ಅಪರೂಪ' ಎಂಬ ಮಾತು ಅಂಕಿ ಅಂಶ ಓದುವವರಿಗೆ ಸಮಾಧಾನ ಕೊಡುವಷ್ಟು ಮನೆಯವರಿಗೆ ಕೊಡುವುದಿಲ್ಲ. ಇನ್ನೊಂದು ಸಲ ತಗುಲಬಾರದು ಎಂದು ವೈದ್ಯರು ಹೇಳಿ ಕಳಿಸಿದ್ದರು. ಆ ಅಜ್ಜಿ ಒಂದು ಸಂಜೆ ನಮ್ಮ ಮನೆಯ ಜಗಲಿಗೆ ಬಂದು ಕುಳಿತಳು.

"ಅಕ್ಕೋರೆ, ನಮ್ಮ ಮನೆ ಇರೂದೇ ಸಮುದ್ರದ ಬದಿಗೆ. ಕೂಸಿಗೆ ಸಮುದ್ರ ಆಗೂದಿಲ್ಲ ಅಂದ್ರೆ ನಾವು ಎಂತ ಮಾಡೂದು?"

ನನ್ನ ಬಳಿ ಏನು ಉತ್ತರವಿತ್ತು? ಕರಾವಳಿಯವಳಿಗೆ ಕಡಲಿನಿಂದ ದೂರವಿರು ಎಂದು ಹೇಳುವುದು ನಮ್ಮ ಅರಸೀಕೆರೆಯವರಿಗೆ ಮಣ್ಣು ಮುಟ್ಟಬೇಡ ಎಂದು ಹೇಳಿದ ಹಾಗೆ. ಇಬ್ಬರೂ ಕುಳಿತು ಆಗುವುದನ್ನು ಲೆಕ್ಕ ಹಾಕಿದೆವು. ಗಾಳಿ ಪಡುವಣದಿಂದ ಜೋರಾಗಿ ಬೀಸುವ ದಿನಗಳಲ್ಲಿ, ದಡದಲ್ಲಿ ಒಂದು ನೀಲಿ ಗುಳ್ಳೆ ಕಂಡರೂ, ಹುಡುಗಿ ಬಲೆಯ ಹತ್ತಿರ ಹೋಗುವುದು ಬೇಡ. ಮಳೆಗಾಲದಲ್ಲಿ ಬರಿಗಾಲಿನಲ್ಲಿ ಮರಳಿಗೆ ಇಳಿಯುವುದೂ ಬೇಡ. ಮೀನು ಹೊತ್ತು ಮನೆಮನೆಗೆ ಹೋಗುವ ಅಜ್ಜಿಯ ಉದ್ರಿ ಲೆಕ್ಕವನ್ನು ಅವಳೇ ಬರೆಯಲಿ. ವೈದ್ಯರನ್ನು ಕೇಳಿ, ಇವಳಿಗೆ ಇಂಥದು ತಗುಲಿದರೆ ತಡಮಾಡದೆ ಇಂಥ ಚುಚ್ಚುಮದ್ದು ಕೊಡಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ಬಂದೆ. ಆ ಚೀಟಿಗೆ ಪ್ಲಾಸ್ಟಿಕ್ ಹಾಕಿಸಿ ಅವಳ ಕಂಪಾಸ್ ಪೆಟ್ಟಿಗೆಯಲ್ಲಿ ಇಡಿಸಿದೆ. 2025ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ವಿಜ್ಞಾನ ತೆಗೆದುಕೊಂಡಳು. ಚೀಟಿ ಈಗ ಕಾಲೇಜಿನ ಬ್ಯಾಗಿಗೆ ವರ್ಗವಾಗಿದೆ.

ಉಳಿದ ಮಕ್ಕಳಿಗೆ ಪ್ರತಿ ಜೂನ್ ತಿಂಗಳು ಒಂದು ಪೀರಿಯಡ್ ಇದನ್ನೇ ಹೇಳುತ್ತೇನೆ. ಮುಟ್ಟಬೇಡಿ, ಸತ್ತದ್ದನ್ನೂ ಮುಟ್ಟಬೇಡಿ. ತಿಕ್ಕಬೇಡಿ. ಉಪ್ಪುನೀರಿನಲ್ಲಿ ತೊಳೆದು, ಎಳೆ ತೆಗೆದು, ಹತ್ತಿರದ ಬಚ್ಚಲಿಗೆ ಓಡಿ. ತಗುಲದ ಕೈಯನ್ನು ಮೊದಲು ಅದ್ದಿ ನೋಡಿ, ಎಳೆಗೂಸಿಗೆ ಎರೆಯುವ ನೀರಿಗಿಂತ ತುಸು ಹೆಚ್ಚು ಬಿಸಿ, ಸುಡುವಷ್ಟಲ್ಲ, ಇಪ್ಪತ್ತು ನಿಮಿಷ. ಉಸಿರು ಕಟ್ಟಿದರೆ, ಮುಖ ಊದಿದರೆ ಹಂಡೆಯ ಹತ್ತಿರ ನಿಲ್ಲಲೇಬೇಡಿ, ಸೀದಾ ಆಸ್ಪತ್ರೆಗೆ. ದಡದ ಬದಿಯ ಯಾವ ಯಾವ ಮನೆಯಲ್ಲಿ ಹಗಲೆಲ್ಲ ಹಂಡೆಯ ಬೆಂಕಿ ಇರುತ್ತದೆಂದು ಮಕ್ಕಳೇ ಒಂದು ಪಟ್ಟಿ ಮಾಡಿದ್ದಾರೆ, ಏಳು ಮನೆಗಳು. ಈಗೀಗ ಹಂಡೆ ತೆಗೆದು ಗೀಸರು ಹಾಕಿಸುವವರು ಹೆಚ್ಚಾಗುತ್ತಿದ್ದಾರೆ, ಮಳೆಗಾಲದಲ್ಲಿ ಕರೆಂಟು ಇರುವುದಿಲ್ಲ, ಹಾಗಾಗಿ ಪಟ್ಟಿಯನ್ನು ವರ್ಷವರ್ಷ ತಿದ್ದಬೇಕು. ಪಟ್ಟಿಯಲ್ಲಿ ಆ ಅಜ್ಜಿಯ ಮನೆಯೂ ಇದೆ. ಹೋದ ವರ್ಷ ಮೂವರು ಅಲ್ಲಿಗೆ ಓಡಿದ್ದರಂತೆ, ಅವರಲ್ಲಿ ಇಬ್ಬರು ಬೆಂಗಳೂರಿನಿಂದ ಬಂದ ಹುಡುಗರು.

"ನೀರು ಕೊಡೂದು ಕೊಡ್ತೆ ಅಕ್ಕೋರೆ," ಎಂದಳು ಅಜ್ಜಿ, "ಆದ್ರೆ ಕಟ್ಟಿಗೆ ಯಾರು ಕೊಡ್ತ್ರು?"

ನಮ್ಮ ಹಿತ್ತಲಿನ ತೆಂಗಿನ ಮಡಲನ್ನು ಈ ಸಲದಿಂದ ಅವಳ ಮನೆಗೆ ಕಳಿಸುತ್ತಿದ್ದೇನೆ.